ಸೂಕ್ಷ್ಮ ಪ್ರದೇಶ ಯಾರ ಬೀದಿ?

2025ರ ಸೆಪ್ಟೆಂಬರ್ 7ರಂದು ಮದ್ದೂರಿನಲ್ಲಿ ಗಣೇಶ ಮೆರವಣಿಗೆಯ ಮೇಲೆ ಕಲ್ಲು ಬಿದ್ದ ಜಾಗದ ಹೆಸರು ರಾಮ್ ರಹೀಮ್ ನಗರ. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನು ಮುಂದೆ ಅದು ‘ಸೂಕ್ಷ್ಮ ಪ್ರದೇಶ’.

ನಮ್ಮ ತಕರಾರು ಈ ಮಾತಿನ ಮೇಲೆಯೇ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯಲ್ಲಿ ಮುಸ್ಲಿಮರು ನೂರಕ್ಕೆ ಐದೂ ಇಲ್ಲ. ದಕ್ಷಿಣ ಕನ್ನಡದಲ್ಲಿ ಸುಮಾರು ಕಾಲು ಪಾಲು. ಅಲ್ಲಿಯ ಬ್ಯಾರಿಗಳಿಗೆ ತಮ್ಮದೇ ಭಾಷೆ, ಪತ್ರಿಕೆ, ಸಂಘಟನೆಗಳಿವೆ. ಇಲ್ಲಿ ನಮ್ಮದು ಪೇಟೆಯ ನಾಲ್ಕಾರು ಬೀದಿ. ಮನೆಯಲ್ಲಿ ಉರ್ದು, ಹೊಸಿಲು ದಾಟಿದರೆ ‘ಏನ್ಲಾ’ ಎನ್ನುವ ಮಂಡ್ಯದ ಕನ್ನಡ. ಅಂಗಡಿ ನಮ್ಮದಾದರೆ ಗಿರಾಕಿ ಹಳ್ಳಿಯ ಗೌಡರು. ಮಂಗಳೂರಿನ ಕೋಲಿನಿಂದ ಮದ್ದೂರನ್ನು ಅಳೆಯುವ ಪೊಲೀಸರಿಗೆ ಇದು ಕಾಣುವುದಿಲ್ಲ.

ಕಾಣುವ ಶಕ್ತಿ ಇಲ್ಲವೆಂದಲ್ಲ. ಕಾವೇರಿ ನೀರಿಗಾಗಿ ರೈತರು ಹೆದ್ದಾರಿಗಿಳಿದಾಗ ಯಾವ ಊರಿನ ಯಾರ ಜೊತೆ ಮಾತಾಡಬೇಕೆಂಬುದು ಅವರಿಗೆ ಬಾಯಿಪಾಠ. ನಮ್ಮ ಓಣಿಯ ವಿಷಯಕ್ಕೆ ಬಂದರೆ ಹಬ್ಬದ ಮುಂಚೆ ಒಂದು ಶಾಂತಿ ಸಭೆ, ಮಸೀದಿ ಕಮಿಟಿಯ ಅದೇ ನಾಲ್ಕು ಹಿರಿಯರು, ಚಹಾ, ಫೋಟೋ. ಇಪ್ಪತ್ತರ ಹುಡುಗರು ಆ ಹಿರಿಯರ ಮಾತು ಕೇಳಿ ಎಷ್ಟು ಕಾಲವಾಯಿತೋ! ಗಣೇಶ ಕೂರಿಸುವ ಹುಡುಗರೂ ತಮ್ಮ ಯಜಮಾನರ ಮಾತು ಕೇಳುತ್ತಿಲ್ಲ.

ಹಿಂದಿನ ವರ್ಷವೇ ಪಾಠವಾಗಬೇಕಿತ್ತು. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಬದರಿಕೊಪ್ಪಲಿನ ಗಣೇಶ ದರ್ಗಾದ ಬಳಿ ಬಂದಾಗ ಜಗಳ ಹತ್ತಿತು, ಅಂಗಡಿಗಳು ಸುಟ್ಟವು. ಬೆಂಕಿಗೆ ಯಾರ ಅಂಗಡಿಯಾದರೇನು? ಇನ್‌ಸ್ಪೆಕ್ಟರ್ ಅಮಾನತಾದರು. ಮದ್ದೂರಿನ ನಂತರ ಹೆಚ್ಚುವರಿ ಎಸ್ಪಿ ವರ್ಗವಾದರು. ಅಧಿಕಾರಿ ಬದಲಾದರು, ಪದ್ಧತಿ ಬದಲಾಗಲಿಲ್ಲ.

ಮದ್ದೂರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಕಲ್ಲೆಸೆದವರಿಗೆ ಶಿಕ್ಷೆಯಾಗಲಿ, ಅವರ ಪರ ವಕಾಲತ್ತು ನಮಗೆ ಬೇಡ. ಮರುದಿನ ಜನ ಬೀದಿಗಿಳಿದಾಗ ಲಾಠಿ ಬೀಸಿದ್ದು, 9ರಂದು ಊರಿಗೆ ಊರೇ ಬಂದ್ ಆದದ್ದು, ಇವುಗಳ ಬೆಲೆ ತೆತ್ತವರು ಆ ದಿನದ ದುಡಿಮೆಯಲ್ಲಿ ಅಂದಿನ ಅಕ್ಕಿ ಕೊಳ್ಳುವವರು, ಎರಡೂ ಕಡೆಯವರು.

ಸೂಕ್ಷ್ಮವಾಗಿರುವುದು ದಾರಿ, ಹೊತ್ತು, ಮಸೀದಿಯೆದುರು ಡೋಲು ನಿಲ್ಲುವ ಐದು ನಿಮಿಷ, ಹೊರಗಿನಿಂದ ಬಂದು ಭಾಷಣ ಬಿಗಿದು ಹೋಗುವ ನಾಯಕರು. ಅಲ್ಲಿ ವಾಸಿಸುವ ಜನರಲ್ಲ. ಬೀದಿಗೇ ಹಣೆಪಟ್ಟಿ ಹಚ್ಚಿದರೆ ಅಲ್ಲಿನ ಹುಡುಗನಿಗೆ ಬಾಡಿಗೆ ಮನೆಯೂ ಕೆಲಸವೂ ಸಿಗುವುದು ಕಷ್ಟ. ಪೊಲೀಸ್ ಪಡೆಯಲ್ಲಿ ಮುಸ್ಲಿಮರ ಪಾಲು ಕಡಿಮೆಯೆಂದು ಸಾಚಾರ್ ಸಮಿತಿ ಹೇಳಿದ್ದು 2006ರಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿಯ ಠಾಣೆಗಳಲ್ಲಿ ನಮ್ಮ ಓಣಿಯ ಉರ್ದು ಅರ್ಥವಾಗುವ, ಓಣಿಯ ಹೆಂಗಸರು ಹೆಸರು ಹಿಡಿದು ಕರೆಯಬಲ್ಲ ಪೇದೆಗಳು ಎಷ್ಟು ಮಂದಿ? ಮುಂದಿನ ಗಣೇಶ ಕೂರುವ ಮುಂಚೆ ಜಿಲ್ಲಾ ಎಸ್ಪಿಯವರು ಈ ಲೆಕ್ಕ ಹೇಳಲಿ.