ಊರವರು ಕೊಂಡ ಮಠ

ಇತಿಹಾಸವೆಂದರೆ ಅರಸರ ಪಟ್ಟಾಭಿಷೇಕ, ಯುದ್ಧ, ಮರಣಗಳ ಇಸವಿಗಳೆಂಬ ಭಾವನೆ ನಮ್ಮ ವಿದ್ಯಾರ್ಥಿವೃಂದದಲ್ಲಿ ಬೇರೂರಿದೆ. ಇಂಗ್ಲೆಂಡಿನ ಎಂಟನೆಯ ಹೆನ್ರಿಯು ಸನ್ಯಾಸಿ ಮಠಗಳನ್ನು ಮುಚ್ಚಿಸಿದನೆಂದು ಬರೆದರೆ ಪರೀಕ್ಷೆಯಲ್ಲಿ ಅಂಕಗಳು ದೊರೆಯುವುವು. ಮುಚ್ಚಿದ ಮೇಲೆ ಆ ಊರುಗಳ ಜನರೇನು ಮಾಡಿದರೆಂದು ಕೇಳುವವರು ವಿರಳ. ಟ್ಯೂಕ್ಸ್‌ಬರಿ ಮಠದ ಕಥೆಯಲ್ಲಿ ಆ ಪ್ರಶ್ನೆಗೆ ಒಂದು ಉತ್ತರವಿದೆ.

ಸೆವರ್ನ್ ಮತ್ತು ಏವನ್ ನದಿಗಳ ಸಂಗಮದ ಬಳಿಯ ಈ ಬೆನೆಡಿಕ್ಟಿನ್ ಮಠದ ಚರ್ಚನ್ನು ೧೧೦೨ರ ಸುಮಾರಿಗೆ ಕಟ್ಟಲಾರಂಭಿಸಿದರು. ೧೧೨೧ರಲ್ಲಿ ಅದರ ಪ್ರತಿಷ್ಠೆ ನಡೆಯಿತು. ನಾರ್ಮನ್ ಶೈಲಿಯ ಗೋಪುರವು ಇಂದಿಗೂ ಸುಮಾರು ೧೪೮ ಅಡಿ ಎತ್ತರಕ್ಕೆ ನಿಂತಿದೆ. ಸನ್ಯಾಸಿಗಳು ಪೂರ್ವಭಾಗದಲ್ಲಿ ಪ್ರಾರ್ಥಿಸುತ್ತಿದ್ದರು. ಊರಿನವರಿಗೆ ಪಶ್ಚಿಮದ ವಿಶಾಲ ಅಂಕಣವೇ ಚರ್ಚು. ಹೀಗೆ ಮಠವೂ ಊರಿನ ಚರ್ಚೂ ಒಂದೇ ಸೂರಿನಡಿ ಇದ್ದುವು.

೧೫೪೦ರ ಜನವರಿಯಲ್ಲಿ ಮಠವು ಅರಸನ ವಶವಾಯಿತು. ಸನ್ಯಾಸಿಗಳಿಗೆ ವಿಶ್ರಾಂತಿವೇತನ ಗೊತ್ತಾಯಿತು. ಮಠಾಧಿಪತಿ ಜಾನ್ ವೇಕ್‌ಮನ್ ೧೫೪೧ರಲ್ಲಿ ಗ್ಲಾಸ್ಟರಿನ ಮೊದಲ ಬಿಷಪ್ಪನಾದನು. ಚರ್ಚಿನ ಕಟ್ಟಡ ಮಾತ್ರ ಅನಾವಶ್ಯಕ ಕಟ್ಟಡಗಳ ಪಟ್ಟಿಗೆ ಸೇರಿತು. ಆಗ ಊರಿನವರು, ಅಂಕಣವು ಮೊದಲಿನಿಂದಲೂ ತಮ್ಮದೆಂದು ವಾದಿಸಿ, ಉಳಿದ ಭಾಗವನ್ನು ೪೫೩ ಪೌಂಡುಗಳಿಗೆ ಕೊಂಡರು. ಈ ಬೆಲೆ ಶಿಲ್ಪಕ್ಕೆ ಕಟ್ಟಿದ್ದಲ್ಲ. ಮಾಡಿನ ಸೀಸಕ್ಕೂ ಘಂಟೆಗಳ ಲೋಹಕ್ಕೂ ಕಟ್ಟಿದ್ದು!

ಇದರಲ್ಲಿ ಕಲಾಭಿಮಾನವೇನು ಬಂತು, ಪೂಜೆಗೊಂದು ಸ್ಥಳ ಬೇಕಾಗಿತ್ತು, ಕೊಂಡರು ಎಂದು ಕೆಲವರು ಆಕ್ಷೇಪಿಸಬಹುದು. ಆ ಮಾತು ನಿಜವೇ. ಅವರಿಗೆ ಬೇಡವಾದ ಮಠದ ಮೊಗಸಾಲೆಯೂ ಪೂರ್ವದ ತುದಿಯಲ್ಲಿದ್ದ ಮರಿಯಮ್ಮನ ಗುಡಿಯೂ ನೆಲಸಮವಾದುವು. ಆದರೆ ಬಳಕೆಯಿಂದ ಹುಟ್ಟಿದ ಮಮತೆ ಕೀಳೆಂದು ನಾನು ಒಪ್ಪಲಾರೆ. ದಿನವೂ ತುಳಿದ ನೆಲವನ್ನು ಕಾಪಾಡುವಷ್ಟು ನಿಷ್ಠೆಯಿಂದ, ಗ್ರಂಥದಲ್ಲಿ ಓದಿ ಮೆಚ್ಚಿದ ನೆಲವನ್ನು ಎಷ್ಟು ಮಂದಿ ಕಾಪಾಡಿಯಾರು?

ವಿದ್ಯಾವಂತರ ಕಾಳಜಿ ವ್ಯರ್ಥವೆಂದು ನನ್ನ ಅಭಿಪ್ರಾಯವಲ್ಲ. ಗಿಲ್ಬರ್ಟ್ ಸ್ಕಾಟನು ಈ ಚರ್ಚಿನ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ, ಹಳೆಯದನ್ನು ಹೊಸದಾಗಿಸುವುದೂ ಒಂದು ಬಗೆಯ ನಾಶವೇ ಎಂದು ವಿಲಿಯಂ ಮಾರಿಸನು ೧೮೭೭ರಲ್ಲಿ ಪತ್ರಿಕೆಯ ಮೂಲಕ ವಿರೋಧಿಸಿದನು. ಪ್ರಾಚೀನ ಕಟ್ಟಡಗಳ ರಕ್ಷಣೆಯ ಸಂಘವೊಂದು ಅದೇ ವರ್ಷ ಅವನ ಪ್ರಯತ್ನದಿಂದ ಹುಟ್ಟಿತು. ಆದರೆ ಮಾರಿಸನು ವಾದಿಸಲು ಅಲ್ಲೊಂದು ಕಟ್ಟಡವಿದ್ದುದು, ಬಹಳ ಹಿಂದೆ ಊರಿನವರು ತೆತ್ತ ಹಣದಿಂದ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ನಾವು ಓದುವ ಇತಿಹಾಸದಲ್ಲಿ ನಮ್ಮ ಹಿರಿಯರಂಥವರು ಸಾಮಾನ್ಯವಾಗಿ ಕಂದಾಯ ಕೊಡುವವರಾಗಿಯೋ ಯುದ್ಧದಲ್ಲಿ ಸಾಯುವವರಾಗಿಯೋ ಬರುತ್ತಾರೆ. ಟ್ಯೂಕ್ಸ್‌ಬರಿಯಲ್ಲಿ ಅಂಥವರು ಅರಸನೊಡನೆ ವಾದಿಸಿ, ಬೆಲೆ ತೆತ್ತು, ಉಳಿಸಿಕೊಂಡವರಾಗಿ ಕಾಣುತ್ತಾರೆ. ಗುರುಗಳು ಪಾಠ ಹೇಳುವಾಗ, ಗೆಳೆಯರು ಟಿಪ್ಪಣಿ ಬರೆದುಕೊಳ್ಳುವಾಗ, ಕೆಡವಿದವನ ಹೆಸರಿನ ಜೊತೆಗೆ ಕೊಂಡವರ ಲೆಕ್ಕವೂ ಒಂದು ಸಾಲಿನಲ್ಲಿ ಬರಲಿ ಎಂಬುದೇ ನನ್ನ ಬಿನ್ನಹ.