ಲಾಯಕ್ಕಿಲ್ಲದವರು ಯಾರು?



ಈ ಮಾತನ್ನು ನೀವೂ ಕಾಲೇಜಿನಲ್ಲಿ ಕೇಳಿರುತ್ತೀರಿ. 'ನಮ್ಮ ಜನ ಪ್ರಜಾಪ್ರಭುತ್ವಕ್ಕೆ ಲಾಯಕ್ಕಿಲ್ಲ ಕಣ್ರಯ್ಯ. ಓದಿಲ್ಲ ಬರೆದಿಲ್ಲ, ಹೆಂಡಕ್ಕೂ ಸೀರೆಗೂ ವೋಟು ಮಾರ್ಕೋತಾರೆ.' ರಾಜ್ಯಶಾಸ್ತ್ರದ ಮೇಷ್ಟ್ರಾದರೆ ಇದಕ್ಕೇ 'ರಾಜಕೀಯ ಸಂಸ್ಕೃತಿಯ ಕೊರತೆ' ಅಂತ ಹೆಸರಿಟ್ಟು ನೋಟ್ಸ್ ಬರೆಸುತ್ತಾರೆ. ನಾವೂ ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾಗುತ್ತೇವೆ. ಆ 'ಜನ' ಅಂದರೆ ನಮ್ಮಪ್ಪ ನಮ್ಮವ್ವ ಅಂತ ಬರೆಯುವಾಗ ಹೊಳೆಯುವುದೇ ಇಲ್ಲ.

ಸಂಸ್ಕೃತಿಗೂ ಪ್ರಜಾಪ್ರಭುತ್ವಕ್ಕೂ ಸಂಬಂಧವಿಲ್ಲ ಅಂತ ನಾನು ಹೇಳುತ್ತಿಲ್ಲ. ಬಹಳ ಇದೆ. ಯಾರ ಸಂಸ್ಕೃತಿ ಅನ್ನೋದೇ ಜಗಳ. ಆಲ್ಮಂಡ್ ಮತ್ತು ವರ್ಬಾ ಎಂಬ ಅಮೆರಿಕದ ಪಂಡಿತರು ಐದು ದೇಶಗಳಲ್ಲಿ, ದೇಶಕ್ಕೆ ಸುಮಾರು ಸಾವಿರ ಜನಸಾಮಾನ್ಯರನ್ನು ಪ್ರಶ್ನೆ ಕೇಳಿ 1963ರಲ್ಲಿ ದೊಡ್ಡ ಪುಸ್ತಕ ತಂದರು. ಮೇಷ್ಟ್ರ ನೋಟ್ಸ್ ಹುಟ್ಟಿದ್ದು ಅಲ್ಲಿಂದ. ಅವುಗಳಲ್ಲಿ ಒಂದು ದೇಶ ಜರ್ಮನಿ. ಸರಿ, ಜರ್ಮನಿಯನ್ನೇ ನೋಡೋಣ.

1919ರಲ್ಲಿ ಜರ್ಮನಿಗೆ ವೈಮರ್ ಸಂವಿಧಾನ ಬಂತು. ಹೆಂಗಸರು ಗಂಡಸರು ಎಲ್ಲರಿಗೂ ವೋಟು. ಆದರೆ ನ್ಯಾಯಾಧೀಶರು, ಸೇನಾಧಿಕಾರಿಗಳು ಕೈಸರನ ಕಾಲದವರೇ. 1920ರಲ್ಲಿ ಕಾಪ್ ಎಂಬಾತ ಸೈನಿಕರ ಜೊತೆ ಸೇರಿ ಬರ್ಲಿನ್ ಹಿಡಿದಾಗ, ಸರ್ಕಾರದ ಸೇನಾ ನಾಯಕರು ಅವರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಸರ್ಕಾರ ಊರು ಬಿಟ್ಟು ಓಡಿತು. ಪ್ರಜಾಪ್ರಭುತ್ವ ಉಳಿಸಿದ್ದು ಯಾರು? ಕಾರ್ಖಾನೆ, ರೈಲು ನಿಲ್ಲಿಸಿ ಮುಷ್ಕರ ಹೂಡಿದ ಕೂಲಿ ಜನ. 1923ರಲ್ಲಿ ಹಿಟ್ಲರ್ ದಂಗೆ ಎದ್ದ, ಪೊಲೀಸರು ಸತ್ತರು. ಕೋರ್ಟು ಕೊಟ್ಟಿದ್ದು ಐದು ವರ್ಷ, 1924ರ ಡಿಸೆಂಬರಿಗೆ ಆಸಾಮಿ ಹೊರಗೆ! ಜನವೂ ಅವನಿಗೆ ವೋಟು ಹಾಕಿದರಲ್ಲ ಅಂತೀರಿ. ಹೌದು, 1932ರ ಜುಲೈನಲ್ಲಿ ನೂರಕ್ಕೆ ಮೂವತ್ತೇಳು ಮಂದಿ ಅವನ ಪಕ್ಷಕ್ಕೆ ಹಾಕಿದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಹುಮತ ಕೊಡಲಿಲ್ಲ. 1933ರ ಜನವರಿ 30ರಂದು ಕುರ್ಚಿ ಎಳೆದು ಕೂರಿಸಿದವನು ಹಿಂಡೆನ್‌ಬರ್ಗ್ ಎಂಬ ಮುದಿ ಸೇನಾಪತಿ.

ಈಗ ನಮ್ಮ ಮನೆಗೆ ಬನ್ನಿ. ಬ್ರಿಟಿಷರ ಕಾಲದಲ್ಲಿ ವೋಟು ಬೇಕಾದರೆ ಆಸ್ತಿ ಇರಬೇಕು, ಕಂದಾಯ ಕಟ್ಟಬೇಕು, ಇಲ್ಲ ಓದಿರಬೇಕು. 1950ರ ಸಂವಿಧಾನ ಆ ಗೋಡೆ ಕೆಡವಿತು. ಮೊದಲ ಚುನಾವಣೆ 1951-52ರಲ್ಲಿ. ಹದಿನೇಳು ಕೋಟಿಗೂ ಮೀರಿದ ಮತದಾರರು, ನೂರಕ್ಕೆ ಎಂಬತ್ತು ಜನಕ್ಕೆ ಅಕ್ಷರ ಬಾರದು. ಅನೇಕ ಹೆಂಗಸರು ಪಟ್ಟಿಗೆ ತಮ್ಮ ಹೆಸರು ಹೇಳದೆ 'ಇಂಥವನ ಹೆಂಡತಿ', 'ಇಂಥವನ ತಾಯಿ' ಅಂದರು. ಹಾಗೆ ನಡೆಯಲ್ಲ ಅಂತ ಆಯೋಗ ಸುಮಾರು ಇಪ್ಪತ್ತೆಂಟು ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಟ್ಟಿತು. ಅನ್ಯಾಯವೇ ಅನ್ನಿ. ಆದರೆ ಮುಂದಿನ ಚುನಾವಣೆಗೆ ಅವರಲ್ಲಿ ಎಷ್ಟೋ ಮಂದಿ ಸ್ವಂತ ಹೆಸರಿನಲ್ಲೇ ಬಂದರು. ಸಾವಿರ ವರ್ಷದ ಸಂಸ್ಕೃತಿ, ಐದು ವರ್ಷದಲ್ಲಿ ಅಲುಗಿತು! (ನಿಮ್ಮವ್ವನ ಹೆಸರನ್ನು ಊರಲ್ಲಿ ಎಷ್ಟು ಜನ ಹಿಡಿದು ಕರೀತಾರೆ, ಒಮ್ಮೆ ಯೋಚಿಸಿ.)

ಅಲುಗದೆ ಉಳಿದದ್ದು ಬೇರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಅದನ್ನೇ ಹೇಳಿದರು. ಈ ನೆಲ ಮೂಲದಲ್ಲಿ ಪ್ರಜಾಪ್ರಭುತ್ವದ ನೆಲವಲ್ಲ, ನಾವು ಹಾಕಿದ್ದು ಮೇಲುಗೊಬ್ಬರ. ಸಂವಿಧಾನದ ನೀತಿ ಹುಟ್ಟಿನಿಂದ ಬರುವುದಲ್ಲ, ಬೆಳೆಸಬೇಕಾದ್ದು. ಇದು ಅವರ ಮಾತಿನ ತಾತ್ಪರ್ಯ. ಮೇಷ್ಟ್ರು ಈ ಮಾತನ್ನೂ ಹೇಳುತ್ತಾರೆ, ಆದರೆ ಬೆರಳು ಕೇರಿಯ ಕಡೆ ತೋರಿಸುತ್ತಾರೆ. ಅದೇ ಭಾಷಣದಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರನ್ನು ಜಾಡಿಸಿದ್ದನ್ನು ಹಾರಿಸಿಬಿಡುತ್ತಾರೆ!

ತಮಿಳುನಾಡಿನ ಮದುರೈ ಜಿಲ್ಲೆಯಲ್ಲಿ ಪಾಪ್ಪಾಪಟ್ಟಿ, ಕೀರಿಪಟ್ಟಿ ಅಂತ ಊರುಗಳಿವೆ. 1996ರಲ್ಲಿ ಅಲ್ಲಿಯ ಪಂಚಾಯತಿ ಅಧ್ಯಕ್ಷಗಿರಿ ದಲಿತರಿಗೆ ಮೀಸಲಾಯಿತು. ಹತ್ತು ವರ್ಷ ಆ ಕುರ್ಚಿ ಮೇಲೆ ಒಬ್ಬ ದಲಿತ ನೆಟ್ಟಗೆ ಕೂರಲಿಲ್ಲ. ಒಂದೋ ನಾಮಪತ್ರ ಹಾಕಲು ಬಿಡಲಿಲ್ಲ, ಇಲ್ಲ ತಮ್ಮ ಆಳನ್ನೇ ನಿಲ್ಲಿಸಿ ಗೆಲ್ಲಿಸಿ ಕೂಡಲೇ ರಾಜೀನಾಮೆ ಬರೆಸಿಕೊಂಡರು. ಚುನಾವಣೆ ಸರಿಯಾಗಿ ನಡೆದದ್ದು 2006ರಲ್ಲಿ. ಅದೇ ಜಿಲ್ಲೆಯ ಮೇಲವಳವಿನಲ್ಲಿ ಮುರುಗೇಶನ್ ಬೆದರಿಕೆಗೆ ಜಗ್ಗದೆ ನಿಂತು ಗೆದ್ದರು. 1997ರ ಜೂನ್ 30ರಂದು ಬಸ್ಸಿನಲ್ಲಿ ಊರಿಗೆ ಮರಳುವಾಗ ಅವರನ್ನೂ ಇನ್ನು ಐವರನ್ನೂ ಕಡಿದು ಕೊಂದರು. ಅವರ ತಲೆ ಬಾವಿಯಲ್ಲಿ ಸಿಕ್ಕಿತು. ಜೀವಾವಧಿ ಶಿಕ್ಷೆಯಾದವರಲ್ಲಿ ಹದಿಮೂರು ಮಂದಿಯನ್ನು 2019ರಲ್ಲಿ ಸರ್ಕಾರ ಅವಧಿಗೆ ಮುಂಚೆಯೇ ಬಿಟ್ಟು ಕಳಿಸಿತು.

ಮುರುಗೇಶನ್‌ಗೆ ವೋಟು ಹಾಕಿದ ಕೂಲಿಯವರು ಆಲ್ಮಂಡ್ ಸಾಹೇಬರ ಪುಸ್ತಕ ಓದಿದವರಲ್ಲ. ಮುಂದಿನ ಸಲ ಕ್ಲಾಸಿನಲ್ಲಿ ನೋಟ್ಸ್ ಬರೆಸುವಾಗ ಎದ್ದು ನಿಂತು ಕೇಳಿ: 'ಸಾರ್, ಮೇಲವಳವಿನಲ್ಲಿ ಲಾಯಕ್ಕಿಲ್ಲದವರು ಯಾರು?' ಹಾಜರಿ ಹೋದರೆ ಹೋಗಲಿ.