ಓಗೊಡುವ ಮನಸ್ಸು, ದಾಂಪತ್ಯದ ಆರೋಗ್ಯ

ಸಂಜೆ ಮನೆಗೆ ಬಂದ ಪತಿಯೆದುರು ಪತ್ನಿ, "ಇವತ್ತು ಮೊಣಕಾಲು ಬಹಳ ನೋಯುತ್ತಿದೆ" ಎನ್ನುತ್ತಾಳೆ. ಆತ ಮೊಬೈಲಿನಿಂದ ಕಣ್ಣೆತ್ತದೆ "ಮಾತ್ರೆ ತಗೋ" ಎನ್ನುತ್ತಾನೆ. ಆಕೆ ಬಯಸಿದ್ದು ಮಾತ್ರೆಯನ್ನಷ್ಟೇ ಅಲ್ಲ. ಇಂತಹ ಗಳಿಗೆಗಳನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ದಾಂಪತ್ಯ ಹಸನಾಗುವುದೂ ಹದಗೆಡುವುದೂ ಬಹುಮಟ್ಟಿಗೆ ಇಲ್ಲಿಯೇ.

ಎಳವೆಯಲ್ಲಿ ಮಗುವಿಗೂ ಅದನ್ನು ಸಲಹಿದವರಿಗೂ ಬೆಸೆದ ನಂಟು ಬದುಕಿನುದ್ದಕ್ಕೂ ಪ್ರಭಾವ ಬೀರುತ್ತದೆಂದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಪ್ರತಿಪಾದಿಸಿದರು. 1987ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಈ ವಿಚಾರವನ್ನು ವಯಸ್ಕರ ಪ್ರೇಮಸಂಬಂಧಕ್ಕೂ ಅನ್ವಯಿಸಿದರು. ಸುಭದ್ರ ನಂಟಿನವರು ಸಂಗಾತಿಯನ್ನು ನಂಬಿ ನೆಮ್ಮದಿಯಿಂದಿರುತ್ತಾರೆ. ಆತಂಕದ ನಂಟಿನವರು ಕೈಬಿಟ್ಟಾರೆಂಬ ಅಳುಕಿನಿಂದ ಮತ್ತೆ ಮತ್ತೆ ಭರವಸೆ ಬೇಡುತ್ತಾರೆ. ದೂರ ಸರಿಯುವ ಸ್ವಭಾವದವರು ನೋವನ್ನು ನುಂಗಿ ಮೌನ ತಾಳುತ್ತಾರೆ. ಒಬ್ಬರು ಬೆನ್ನುಹತ್ತಿದಷ್ಟೂ ಇನ್ನೊಬ್ಬರು ಹಿಂದೆ ಸರಿಯುವ ಜಗಳ ಎಷ್ಟು ಮನೆಗಳಲ್ಲಿಲ್ಲ!

ಇದು ದೇಹಕ್ಕೂ ತಟ್ಟುತ್ತದೆ. ಅಮೆರಿಕದಲ್ಲಿ 42 ದಂಪತಿಗಳನ್ನು ಅಭ್ಯಸಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಸ್ಪರ ಕಟುವಾಗಿ ವರ್ತಿಸುವವರ ತೋಳಿನ ಸಣ್ಣ ಗಾಯಗಳು ಉಳಿದವರಿಗಿಂತ ನಿಧಾನವಾಗಿ ಮಾದವು. 2006ರ ಇನ್ನೊಂದು ಪ್ರಯೋಗದಲ್ಲಿ 16 ವಿವಾಹಿತ ಸ್ತ್ರೀಯರಿಗೆ ವಿದ್ಯುತ್ ಆಘಾತದ ಮುನ್ಸೂಚನೆ ನೀಡಿ ಮಿದುಳನ್ನು ಪರೀಕ್ಷಿಸಲಾಯಿತು. ಪತಿಯ ಕೈ ಹಿಡಿದಾಗ ಮಿದುಳಿನ ಭೀತಿಯ ಸ್ಪಂದನೆ ತಗ್ಗಿತು. ಅನ್ಯೋನ್ಯ ದಾಂಪತ್ಯದವರಲ್ಲಿ ಇನ್ನಷ್ಟು ತಗ್ಗಿತು.

ಹೀಗಿರುವಾಗ "ಹೊಂದಿಕೊಂಡು ಹೋಗಮ್ಮಾ" ಎಂಬ ಹಿತವಚನ ಸೊಸೆಗೆ ಮಾತ್ರ ಏಕೆ? "ಅವಳ ಮಾತನ್ನು ಕಿವಿಗೊಟ್ಟು ಕೇಳಿದೆಯೇನಪ್ಪಾ?" ಎಂದು ಮಗನನ್ನೂ ಹಿರಿಯರಾದ ನಾವು ವಿಚಾರಿಸಬೇಕು. ಸಹನೆ ಒಬ್ಬರ ಪಾಲಿಗೇ ಬಂದರೆ ಅದು ಹೊಂದಾಣಿಕೆಯಲ್ಲ, ಹೊರೆ.

ಬಾಲ್ಯದ ನಂಟು ಹಣೆಬರಹವೇನೂ ಅಲ್ಲ. ತನ್ನನ್ನು ಅರಿತು, ಗೌರವಿಸಿ, ಅಕ್ಕರೆಯಿಂದ ಓಗೊಡುವ ಸಂಗಾತಿ ದೊರೆತರೆ ಹಳೆಯ ಅಳುಕು ಕ್ರಮೇಣ ಕರಗಬಲ್ಲದು. ಅದಕ್ಕೆ ದೊಡ್ಡ ಸಾಹಸ ಬೇಡ. ಮಾತನಾಡುವಾಗ ಮುಖ ನೋಡುವುದು, ಪರಿಹಾರ ಹೇಳುವ ಮೊದಲು ನೋವನ್ನು ಕೇಳುವುದು, ಮುನಿಸಾದರೆ "ಸ್ವಲ್ಪ ಹೊತ್ತು ಬಿಟ್ಟು ಮಾತಾಡೋಣ" ಎಂದು ಹೇಳಿ, ಹೇಳಿದಂತೆ ಮರಳಿ ಬರುವುದು ಸಾಕು. ಆದರೆ ಹೊಡೆತ, ಬೆದರಿಕೆಗಳಿರುವಲ್ಲಿ ಈ ಮಾತು ಸಲ್ಲದು. ಅಲ್ಲಿ ಮೊದಲು ರಕ್ಷಣೆ ದೊರೆಯಬೇಕು. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಸಂಕೋಚ ಬೇಡ.

ಇಂದು ಸಂಜೆ ಮನೆಯಲ್ಲಿ ಯಾರಾದರೂ ಮೊಣಕಾಲು ನೋವೆಂದರೆ, ಮೊದಲು ಹತ್ತಿರ ಕುಳಿತು "ಎಲ್ಲಿ ನೋವು?" ಎಂದು ಕೇಳೋಣ. ಮಾತ್ರೆ ಆಮೇಲೆ ಕೊಟ್ಟರಾಯಿತು.